ಅಜ್ಜಿಯ ವಿದ್ಯಾರ್ಹತೆ

"ನಮ್ಮ ಅಜ್ಜಿ ಎಂತ ಕಲಿಸ್ತಾಳೆ ಟೀಚರ್, ಅವಳಿಗೆ ಓದೋಕೇ ಬರೋದಿಲ್ಲ."

ಒಂಬತ್ತನೇ ಕ್ಲಾಸಿನ ಹುಡುಗ ಇದನ್ನು ಹೇಳಿದಾಗ ನನ್ನ ಮುಖ ನೋಡಲಿಲ್ಲ. ಅವರು ಹಾಲಕ್ಕಿ ಒಕ್ಕಲಿಗರು, ನಮ್ಮ ಉತ್ತರ ಕನ್ನಡದ ಬುಡಕಟ್ಟು ಜನ. ಮನೆ ಅಘನಾಶಿನಿ ನದಿಯ ಗಜನಿ ಪಕ್ಕದ ಕೊಪ್ಪದಲ್ಲಿ, ಅಂದರೆ ಅವರ ಕೇರಿಯಲ್ಲಿ. ಗಜನಿ ಅಂದರೆ ನದಿಯ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆ. ದಸರಾ ರಜೆಯಲ್ಲಿ ಒಂದು ದಿನ ನಮ್ಮ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕು, ಅಲ್ಲಿಯ ಹಿರಿಯರೇ ಪಾಠ ಮಾಡಬೇಕು ಅಂತ ನಾನು ಕ್ಲಾಸಿನಲ್ಲಿ ಹೇಳಿದ್ದೆ. ಅದಕ್ಕೆ ಅವನು ಕೊಟ್ಟ ಉತ್ತರ ಇದು. ಆ ಮಾತು ಅವನಿಗೆ ಮನೆಯಲ್ಲಿ ಯಾರೂ ಕಲಿಸಿದ್ದಲ್ಲ. ನಮ್ಮ ಶಾಲೆಯಲ್ಲೇ ಕಲಿತದ್ದು, ಅಲ್ವಾ?

ನನಗೆ ಇಂಥ ಶಿಬಿರದ ಯೋಚನೆ ಬಂದಿದ್ದು ಕೆನಡಾದ ಬಗ್ಗೆ ಓದಿದ ಮೇಲೆ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಹಾಕುತ್ತಿದ್ದರು. 1,50,000ಕ್ಕೂ ಹೆಚ್ಚು ಮಕ್ಕಳು. ಮನೆಮಾತು ಆಡಿದರೆ ಶಿಕ್ಷೆ. ಅಂಥ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ಮೊನ್ನೆ ಮೊನ್ನೆ. ಈಗ ಅದೇ ಜನ ತಮ್ಮ ಮಕ್ಕಳನ್ನು ಕಾಡಿಗೆ, ಕೆರೆಗೆ ಮತ್ತೆ ಕರೆದುಕೊಂಡು ಹೋಗುತ್ತಿದ್ದಾರೆ. ಉತ್ತರದ ಡೆನೆ ಜನರ ಶಿಬಿರಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊರೆದು ಬಲೆ ಬಿಡುವುದು, ಮೂಸ್ ಪ್ರಾಣಿಯ ತೊಗಲು ಹದ ಮಾಡುವುದು, ಎಲ್ಲ ಪಾಠವೇ. ಯೆಲ್ಲೋನೈಫ್ ಕಡೆ ಡೆಚಿಂತಾ ಅಂತ ಒಂದು ಸಂಸ್ಥೆ ಇದೆ, ಅಲ್ಲಿ ಹಿರಿಯರನ್ನು ಪ್ರೊಫೆಸರ್ ಎಂದೇ ಪರಿಗಣಿಸುತ್ತಾರೆ. ಅದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮಕ್ಕಳನ್ನು ಯಾರೂ ಮನೆಯಿಂದ ಎಳೆದುಕೊಂಡು ಹೋಗಿಲ್ಲ, ನಿಜ. ಆದರೆ ಮನೆಯಲ್ಲಿದ್ದುಕೊಂಡೇ ಅಜ್ಜಿಯಿಂದ ದೂರವಾಗಿದ್ದಾರೆ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. 4,801 ಹೆಕ್ಟೇರ್ ಅಂತ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಹೊರಟ 26 ಮಕ್ಕಳಲ್ಲಿ ಗಜನಿಯ ಕೆಸರಿಗೆ ಕಾಲಿಟ್ಟವರು ಐದೇ ಜನ.

ಹುಣ್ಣಿಮೆಯ ಹಿಂದಿನ ದಿನ ಹೋದೆವು. ನಾನು ವೇಳಾಪಟ್ಟಿ ಮಾಡಿಕೊಂಡಿದ್ದೆ. ಹತ್ತು ಗಂಟೆಗೆ ಬಳಚು (ಚಿಪ್ಪುಮೀನು) ಹೆಕ್ಕುವುದು, ಮಧ್ಯಾಹ್ನದ ಮೇಲೆ ಗದ್ದೆ, ನಾಲ್ಕಕ್ಕೆ ವಾಪಸ್. ಅಜ್ಜಿ ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಕೊರಳ ತುಂಬ ಮಣಿಸರ, ಸೊಂಟದಲ್ಲಿ ಕತ್ತಿ. ಆಮೇಲೆ ಹೇಳಿದರು, "ಈಗ ಭರತ, ನೀರು ಏರಿದ ಹೊತ್ತು, ಅಕ್ಕೋರೇ. ಈಗೆಲ್ಲಿ ಬಳಚು ಸಿಗ್ತದೆ? ನಾಕು ಗಂಟೆ ಮೇಲೆ ನೀರು ಇಳೀತದೆ. ಈಗ ಕಟ್ಟೆ ಮೇಲೆ ಹೋಗುವ, ಬನ್ನಿ."

ಕಟ್ಟೆ ಮೇಲೆ ನಿಂತಾಗ ಮಕ್ಕಳೆಲ್ಲ ಒಮ್ಮೆಗೇ ಸುಮ್ಮನಾದರು. ಬಲಗಡೆ ಭರತದ ನೀರು ತುಂಬಿ ಕಟ್ಟೆಯ ಅಂಚಿಗೆ ತಾಗುತ್ತಿದೆ. ಎಡಗಡೆ ಭತ್ತದ ಗದ್ದೆ, ನೀರಿನ ಮಟ್ಟಕ್ಕಿಂತ ಕೆಳಗೆ. ನಡುವೆ ನಾವು ನಿಂತ ಮಣ್ಣು, ಅಷ್ಟೇ. ಒಂದು ಹುಡುಗಿ ಮೆಲ್ಲಗೆ ಕೇಳಿದಳು, "ಅಜ್ಜೀ, ಕಟ್ಟೆ ಒಡೆದರೆ?" ಅಜ್ಜಿ ಅಂದರು, "ಒಡೆದ್ರೆ ಯಾರ ಗದ್ದೆ ಅಂತ ಕೇಳೂದಿಲ್ಲ. ಊರೆಲ್ಲ ಓಡಿ ಬರಬೇಕು, ಮುಂದಿನ ಭರತದೊಳಗೆ ಮುಚ್ಚಬೇಕು." ನಾನು ಸಮಾಜ ವಿಜ್ಞಾನದ ಟೀಚರ್. ಸಹಕಾರ ಅನ್ನುವ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಲ್ಲ. ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ನನಗೆ ಹೇಳಲು ಬಂದಿಲ್ಲ.

ಆ ಗದ್ದೆಯಲ್ಲಿದ್ದದ್ದು ಕಗ್ಗ. ಉಪ್ಪುನೀರನ್ನು ತಡೆದುಕೊಳ್ಳುವ ನಮ್ಮ ಕರಾವಳಿಯ ಭತ್ತ. ಬೇರೆ ತಳಿಯಾದರೆ ಆ ಉಪ್ಪಿಗೆ ಸುಟ್ಟು ಹೋಗುತ್ತಿತ್ತು. ಮಳೆಗಾಲದ ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಇದು ಮತ್ತೆ ತಲೆ ಎತ್ತುತ್ತದೆ. ಗೊಬ್ಬರ, ಔಷಧಿ ಯಾವುದೂ ಬೇಡ. ನೀರಿನ ಜೊತೆ ಬಂದ ಗೋಡು ಮಣ್ಣೇ ಗೊಬ್ಬರ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಹಲಗೆ ಎತ್ತಿ ನೀರು ಬಿಡುತ್ತಾರೆ. ಆಗ ಅದೇ ಗದ್ದೆಯಲ್ಲಿ ಮೀನು, ಶೆಟ್ಲಿ (ಸಿಗಡಿ). ಇದನ್ನೆಲ್ಲ ಬರೆದುಕೊಳ್ಳಿ ಅಂತ ನಾನು ಹೇಳಲಿಲ್ಲ, ಮಕ್ಕಳೇ ಪುಸ್ತಕ ತೆಗೆದರು. ಶೆಟ್ಲಿ ಕೆರೆಗಳ ಆಸೆಗೆ ಎಷ್ಟೋ ಗಜನಿಗಳಲ್ಲಿ ಭತ್ತ ಬಿಟ್ಟುಹೋಯಿತು, ಆಮೇಲೆ ಶೆಟ್ಲಿಗೆ ರೋಗ ಬಂದು ಅದೂ ಇಲ್ಲ ಇದೂ ಇಲ್ಲ ಆಯಿತು ಅಂತ ಅಜ್ಜಿ ದೂರದ ಹಡಿಲು ಬಿದ್ದ ಜಾಗ ತೋರಿಸಿದರು. ಆ ಜಾಗವನ್ನು ನೋಡುತ್ತ ಬಹಳ ಹೊತ್ತು ಮಾತೇ ಆಡಲಿಲ್ಲ.

ಮಧ್ಯಾಹ್ನ ಕಗ್ಗದ ಗಂಜಿ, ಒಣಮೀನು ಚಟ್ನಿ. ಟೆಂಪೋ ಡ್ರೈವರಿಗೆ ವಿಷಯ ಹೇಳಿದೆ, ಕತ್ತಲಾದರೂ ಪರವಾಗಿಲ್ಲ ಅಂದ. ಮನೆಗಳಿಗೆ ಫೋನ್ ಮಾಡಿದ್ದಾಯಿತು.

ನಾಲ್ಕೂವರೆಗೆ ನದಿ ನಿಜವಾಗಿಯೂ ಹಿಂದೆ ಸರಿದಿತ್ತು. ಬೆಳಿಗ್ಗೆ ನೀರಿದ್ದಲ್ಲಿ ಈಗ ಹೊಳೆಯುವ ಕೆಸರು. ಮಕ್ಕಳು ಬಗ್ಗಿ ಹುಡುಕತೊಡಗಿದರು, ಒಂದೂ ಸಿಗಲಿಲ್ಲ. "ಕಣ್ಣಲ್ಲಿ ಹುಡುಕಬೇಡಿ, ಕಾಲಲ್ಲಿ ಹುಡುಕಿ," ಅಂದರು ಅಜ್ಜಿ. ನಾನೂ ಚಪ್ಪಲಿ ಬಿಟ್ಟು ಇಳಿದೆ. ಮೊಣಕಾಲವರೆಗೆ ತಣ್ಣನೆ ಕೆಸರು. ಹೆಬ್ಬೆರಳ ಕೆಳಗೆ ಏನೋ ಗಟ್ಟಿಯಾಗಿ, ನುಣ್ಣಗೆ ಸಿಕ್ಕಿತು. ಕಲ್ಲಲ್ಲ. ಕೈ ಹಾಕಿ ತೆಗೆದರೆ ಬಳಚು, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅಜ್ಜಿ ಅದನ್ನು ಅಂಗೈಯಲ್ಲಿ ಇಟ್ಟು ನೋಡಿ ವಾಪಸ್ ಕೆಸರಿಗೇ ಒತ್ತಿದರು. "ಮರಿ ಇದು. ಇದ್ನೂ ತಿಂದ್ರೆ ಬಪ್ಪ ವರ್ಷ ಎಂತ ತಿನ್ನೂದು?"

ಆ ಹೊತ್ತಿಗೆ ಮೊಮ್ಮಗ ನನ್ನ ಹತ್ತಿರ ಇರಲಿಲ್ಲ. ಕುಮಟಾ ಪೇಟೆಯ ನಾಲ್ಕು ಹುಡುಗರಿಗೆ ಅಜ್ಜಿಯ ಮಾತು ಬಿಡಿಸಿ ಹೇಳುತ್ತಿದ್ದ. ಶಾಲೆಯಲ್ಲಿ ಅವನು ಯಾವತ್ತೂ ಆಡದ ಮನೆಮಾತಿನ ಪದಗಳನ್ನು ಗಟ್ಟಿಯಾಗಿ ಹೇಳುತ್ತಿದ್ದ. ಅದು ನನಗೆ ಕೇಳಿಸಿತು.

ವಾಪಸ್ ಬಂದ ಮೇಲೆ ಗೌರವಧನದ ಫಾರ್ಮ್ ತುಂಬಿದೆ. ಸಂಪನ್ಮೂಲ ವ್ಯಕ್ತಿಯ ಹೆಸರು, ವಿಷಯ, ವಿದ್ಯಾರ್ಹತೆ. ಮೂರನೇ ಕಾಲಮಿನಲ್ಲಿ "ಗಜನಿ ಬೇಸಾಯ, 50 ವರ್ಷಕ್ಕೂ ಹೆಚ್ಚು" ಅಂತ ಬರೆದು ಕಳಿಸಿದೆ. ಸರಿಯಾದ ವಿದ್ಯಾರ್ಹತೆ ನಮೂದಿಸಿಲ್ಲ ಅಂತ ಹಿಂದೆ ಬಂತು. ನನಗೆ ತುಂಬ ಬೇಸರವಾಯಿತು. ಪಕ್ಕದ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರೂ ಹಾಲಕ್ಕಿಯವರೇ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಡಿನ ಬೀಜ, ಸಸಿಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಗೆ 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಸಿಕ್ಕಿತು. ಬರಿಗಾಲಲ್ಲೇ ಹೋಗಿ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ಇರುವಾಗ ಎಷ್ಟು ಶಾಲೆಗಳು ಅವರನ್ನು ಕರೆದು ಮಕ್ಕಳ ಮುಂದೆ ಕೂರಿಸಿದವು? ಗೌರವ ಅಂದರೆ ಶಾಲು ಹೊದಿಸುವುದು ಮಾತ್ರ ಅಲ್ಲ. ನನಗೆ ಬರುವ ಸಂಬಳದ ಹಾಗೆ ಅವರ ಪಾಠಕ್ಕೂ ಸಂಬಳ ಇರಬೇಕು.

ಸದ್ಯಕ್ಕೆ ನಾವು ಟೀಚರುಗಳು ದುಡ್ಡು ಕೂಡಿಸಿ ಕೊಟ್ಟೆವು. ಫಾರ್ಮನ್ನು ಅದೇ ಉತ್ತರದ ಜೊತೆ ಮತ್ತೆ ಕಳಿಸಿದ್ದೇನೆ.

ಕಗ್ಗದ ಬಿತ್ತನೆ ಮಳೆ ಹಿಡಿಯುವ ಮೊದಲು, ಮೇ ಕೊನೆಗೆ. ಬೀಜ ನೆನೆಹಾಕುವ ದಿನವೇ ಬನ್ನಿ ಅಂದಿದ್ದಾರೆ ಅಜ್ಜಿ. ಶಾಲೆಗೆ ರಜೆ ಇರುತ್ತದೆ, ಆದರೂ ಈಗಾಗಲೇ 11 ಮಕ್ಕಳು ಹೆಸರು ಕೊಟ್ಟಿದ್ದಾರೆ. ಈ ಸಲ ತಾರೀಖು ನಾನು ಹಾಕಿಲ್ಲ. ನೀರು ನೋಡಿ, ತಿಥಿ ನೋಡಿ ಅಜ್ಜಿ ಹೇಳುತ್ತಾರಂತೆ, ಮೊಮ್ಮಗ ಬಂದು ತಿಳಿಸುತ್ತಾನಂತೆ.