ಲಾರೆಲ್ ಸರಣಿ: ಐದರಲ್ಲಿ ಮೂರು ಮುದ್ರೆಗಳು ಕೈಸೇರಿವೆ

ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನ ಕಾಲದ ಚಿನ್ನದ ನಾಣ್ಯಗಳನ್ನು ಸಿಕ್ಕಂತೆ ಕೊಳ್ಳುವುದನ್ನು ಬಿಟ್ಟು, 1619ರಲ್ಲಿ ಹೊರಬಂದ ಲಾರೆಲ್ ಒಂದನ್ನೇ ಬೆನ್ನುಹತ್ತಿದ ಮೇಲೆ ನನ್ನ ಸಂಗ್ರಹಕ್ಕೆ ಒಂದು ದಿಕ್ಕು ಬಂದಿದೆ. 1604ರ ಯುನೈಟ್ ನಾಣ್ಯದ ಬೆಲೆ 20 ಶಿಲಿಂಗ್ ಇತ್ತು. ಚಿನ್ನ ಹೊರದೇಶಗಳಿಗೆ ಹರಿದುಹೋಗುವುದನ್ನು ತಡೆಯಲು 1611ರಲ್ಲಿ ಅದನ್ನು 22 ಶಿಲಿಂಗಿಗೆ ಏರಿಸಿದಾಗ ಲೆಕ್ಕಾಚಾರವೇ ತೊಡಕಾಯಿತು. ಮತ್ತೆ 20 ಶಿಲಿಂಗಿಗೆ ಸರಿಹೊಂದುವಂತೆ, ಸುಮಾರು 9.1 ಗ್ರಾಂ ತೂಕದಲ್ಲಿ, 22 ಕ್ಯಾರೆಟ್ ಚಿನ್ನದಲ್ಲಿ ಅಚ್ಚಾದದ್ದೇ ಎಲೆಗಳ ಕಿರೀಟ ತೊಟ್ಟ ದೊರೆಯ ತಲೆಯುಳ್ಳ ಈ ನಾಣ್ಯ.

ಲಾರೆಲ್ ಮೇಲೆ ಇಸವಿ ಇರುವುದಿಲ್ಲ. ಪಿಕ್ಸ್ ಎಂಬ ಪರೀಕ್ಷೆಯಲ್ಲಿ ಟಂಕಸಾಲೆಯ ನಾಣ್ಯಗಳ ತೂಕವನ್ನೂ ಒರೆಯನ್ನೂ ನೋಡುತ್ತಿದ್ದರು. ಆ ಪರೀಕ್ಷೆಗಳಿಗೆ ಹೊಂದಿಕೊಂಡು ಬದಲಾಗುತ್ತಿದ್ದ ಪುಟ್ಟ ಮುದ್ರೆಯೇ ಕಾಲವನ್ನು ತಿಳಿಸುತ್ತದೆ. ಕ್ರಮವಾಗಿ ಸವಾರನ ಹಿಮ್ಮಡಿಯ ಮುಳ್ಳುಚಕ್ರ, ಗುಲಾಬಿ, ಥಿಸಲ್ ಹೂ, ಲಿಲಿ ಮತ್ತು ಮೂರೆಲೆ ಎಂಬ ಐದು ಮುದ್ರೆಗಳಿವೆ. ಗುಲಾಬಿ, ಥಿಸಲ್, ಲಿಲಿ ಈಗ ನನ್ನಲ್ಲಿವೆ. ಅವನ್ನು ಸಾಲಾಗಿ ಇಟ್ಟು ನೋಡಿದರೆ ದೊರೆಯ ತಲೆ ಅಚ್ಚಿನಿಂದ ಅಚ್ಚಿಗೆ ಚಿಕ್ಕದಾಗುತ್ತ ಹೋಗಿರುವುದು ಕಾಣುತ್ತದೆ. ಬಿಡಿ ನಾಣ್ಯದಲ್ಲಿ ಇದು ತಿಳಿಯುವುದೇ ಇಲ್ಲ.

ಕೊಳ್ಳುವಾಗ ನಾನು ಹೆಚ್ಚು ಹೊತ್ತು ನೋಡುವುದು ಮುಖವನ್ನಲ್ಲ, ಅಂಚನ್ನು. ಸುತ್ತಿಗೆಯ ಹೊಡೆತದಿಂದ ಅಚ್ಚಾದ ಈ ನಾಣ್ಯಗಳ ಅಂಚು ಸಹಜವಾಗಿಯೇ ಏರುಪೇರಾಗಿರುವುದರಿಂದ, ಚಿನ್ನವನ್ನು ಕತ್ತರಿಸಿಕೊಂಡಿದ್ದಾರೆಯೇ ಎಂಬುದನ್ನು ಕಣ್ಣಿಗಿಂತ ತಕ್ಕಡಿ ನಿಖರವಾಗಿ ಹೇಳುತ್ತದೆ. ನಮ್ಮಲ್ಲಿ ಕಾಸಿನ ಸರ ಮಾಡಿಸಿಕೊಂಡಂತೆ ಅಲ್ಲಿಯೂ ಹಳೆಯ ನಾಣ್ಯಗಳಿಗೆ ಕೊಂಡಿ ಬೆಸೆದು ಧರಿಸಿದವರಿದ್ದಾರೆ. ಆ ಕೊಂಡಿಯನ್ನು ಕಿತ್ತು ಉಜ್ಜಿದ ಜಾಗದಲ್ಲಿ ಅಕ್ಷರಗಳ ತಲೆ ಮೊಂಡಾಗಿರುತ್ತದೆ, ಬೆಸುಗೆಯ ಬಣ್ಣವೂ ಬೇರೆಯಾಗಿರುತ್ತದೆ. ಇಂಥದೇ ಒಂದು ಥಿಸಲ್ ನಾಣ್ಯ ಅಗ್ಗದ ಬೆಲೆಗೆ ಬಂದಿತ್ತು. ತೂಕ ಸರಿಯಾಗಿಯೇ ಇದ್ದರೂ ಬೇಡವೆಂದೆ. ಬೆಸುಗೆ ತೂಕವನ್ನು ತುಂಬಿಕೊಡಬಲ್ಲದು ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಉಳಿದಿರುವ ಎರಡರಲ್ಲಿ ಮುಳ್ಳುಚಕ್ರದ್ದೇ ಕಷ್ಟ, ಅದರಲ್ಲೂ ಮೊದಲ ಅಚ್ಚಿನ ದೊಡ್ಡ ತಲೆಯದು ಬಹಳ ಅಪರೂಪ. ಆದ್ದರಿಂದ ಜೇಮ್ಸನ ಆಳ್ವಿಕೆಯ ಕೊನೆಯ ಹಂತದ ಮೂರೆಲೆ ಮುದ್ರೆಯನ್ನು ಮೊದಲು ಹುಡುಕುತ್ತೇನೆ. ಮುಳ್ಳುಚಕ್ರಕ್ಕೆ ಎರಡನೆಯ ಅಚ್ಚಿನ ನಾಣ್ಯ ಸಿಕ್ಕರೂ ಸರಣಿಯಲ್ಲಿ ಸೇರಿಸಿಕೊಳ್ಳುತ್ತೇನೆ.