ಮೊಣಕೈ ಹಿಡಿದು ನಡೆದ ಗೆಳೆಯ

ನಮ್ಮ ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದವರಿಗೆಲ್ಲ ಮೊದಲು ಹೇಳಿಕೊಡುತ್ತಿದ್ದ ಮಾತು ‘ನನಗಲ್ಲ, ನಿನಗೆ’. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಒಂದು ಕ್ಯಾಂಪ್. ಗಿಡ ನೆಟ್ಟೆವು, ಕೆರೆಯ ಹೂಳೆತ್ತಿದೆವು. ಸೇವೆಯ ಬಗ್ಗೆ ಬರೆಯಲು ಕೂತಾಗ ನನಗೆ ನೆನಪಾದದ್ದು ಕ್ಯಾಂಪ್ ಅಲ್ಲ, ನಮ್ಮ ಕ್ಲಾಸಿನ ಮೊದಲ ಬೆಂಚು.

ಅಲ್ಲಿ ಕೂರುತ್ತಿದ್ದ ಗೆಳೆಯನಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. 2001ರ ಜುಲೈ. ಜೋರು ಮಳೆ, ಮೆಟ್ಟಿಲು ಜಾರುತ್ತಿತ್ತು. ನಾನು ಓಡಿಹೋಗಿ ಅವನ ಕೈ ಹಿಡಿದು ಎಳೆದುಕೊಂಡು ಹೊರಟೆ. ಅವನು ನಿಂತುಬಿಟ್ಟ.

“ಕೈ ಬಿಡು ಮಾರಾಯ. ನೀನು ಎಳೆದರೆ ಮೆಟ್ಟಿಲು ಎಲ್ಲಿದೆ ಅಂತ ಗೊತ್ತಾಗಲ್ಲ. ನಾನೇ ನಿನ್ನ ಮೊಣಕೈ ಹಿಡ್ಕೊಳ್ತೀನಿ. ನೀನು ಅರ್ಧ ಹೆಜ್ಜೆ ಮುಂದೆ ನಡಿ.”

ಹಾಗೇ ನಡೆದೆವು. ನನ್ನ ತೋಳು ಮೇಲಕ್ಕೆ ಹೋದರೆ ಹತ್ತಬೇಕು, ಕೆಳಕ್ಕೆ ಹೋದರೆ ಇಳಿಯಬೇಕು. ಅಷ್ಟೇ ಸಾಕಿತ್ತು ಅವನಿಗೆ. ಆಮೇಲೆ ಯಾವತ್ತೂ ನಾನು ಕೇಳದೆ ಅವನಿಗೆ ಸಹಾಯ ಮಾಡಲು ಹೋಗಲಿಲ್ಲ.

ಏನು ಬೇಕು ಅಂತ ಕೇಳಿದಾಗ ಅವನು ಹೇಳಿದ್ದು ಕ್ಯಾಸೆಟ್. ನಮ್ಮ ಬಿಎ ಪುಸ್ತಕಗಳು ಅವನಿಗೆ ಬ್ರೈಲ್‌ನಲ್ಲಿ ಸಿಕ್ಕಿರಲಿಲ್ಲ. ಐದು ಜನ ಸರದಿಯಲ್ಲಿ ಇತಿಹಾಸ ಓದಿ ರೆಕಾರ್ಡ್ ಮಾಡಿದೆವು. ಒಂದು ಬದಿಗೆ ಅರ್ಧ ಗಂಟೆ. “ನಿಧಾನ ಓದು, ಇಸವಿ ಎರಡು ಸಲ ಹೇಳು” ಅನ್ನುತ್ತಿದ್ದ. ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆಯಲು ನನಗೆ ಆಸೆ. ಅದೇ ಕ್ಲಾಸಿನವರು ಬರೆಯುವಂತಿರಲಿಲ್ಲ. ಪಿಯುಸಿ ಹುಡುಗಿಯೊಬ್ಬಳು ಒಪ್ಪಿಕೊಂಡಳು. ಅವನು ಹೇಳುವ ವೇಗಕ್ಕೆ ಕೈ ಹೊಂದಲಿ ಅಂತ ಒಂದು ವಾರ ಸಂಜೆ ಕೂತು ಬರೆದು ರೂಢಿ ಮಾಡಿಕೊಂಡಳು. ಅವಳ ಸ್ವಂತ ಪರೀಕ್ಷೆ ಹತ್ತಿರವೇ ಇತ್ತು. ಆ ಹುಡುಗಿಯ ದೊಡ್ಡ ಮನಸ್ಸನ್ನು ಈಗಲೂ ನೆನೆಯುತ್ತೇನೆ.

ನಕ್ಷೆಯನ್ನು ಮಾತ್ರ ಓದಿ ಹೇಳಲು ಆಗುತ್ತಿರಲಿಲ್ಲ. ರಟ್ಟಿನ ಮೇಲೆ ಗೋಂದು ಹಚ್ಚಿ ದಪ್ಪ ದಾರ ಅಂಟಿಸಿದೆ. ಅದು ತುಂಗಭದ್ರೆ. ಹಂಪಿಗೆ ಒಂದು ಹುಣಸೆ ಬೀಜ, ಆನೆಗುಂದಿಗೆ ಇನ್ನೊಂದು. ವಿಜಯನಗರ ಹುಟ್ಟಿದ 1336, ತಾಳಿಕೋಟೆ ಯುದ್ಧದ 1565 ಎಲ್ಲ ಅವನಿಗೆ ಬಾಯಿಪಾಠ. ಆದರೂ ಅವತ್ತು ಅವನ ಬೆರಳು ದಾರದ ಮೇಲೆ ಮೂರು ಸಲ ಹೋಗಿ ಬಂತು.

“ಎರಡೂ ಊರಿನ ನಡುವೆ ಹೊಳೆ ಇದೆ, ಅಲ್ವಾ?”

“ಹೌದು. ಆನೆಗುಂದಿ ಉತ್ತರ ದಂಡೆ.”

ರಟ್ಟನ್ನು ಜೋಪಾನವಾಗಿ ಚೀಲದಲ್ಲಿ ಇಟ್ಟುಕೊಂಡ. “ನಾಳೆ ಕೃಷ್ಣೆಯನ್ನೂ ಅಂಟಿಸಿ ಕೊಡು. ತಾಳಿಕೋಟೆ ಎಲ್ಲಿದೆ ಅಂತ ಮುಟ್ಟಿ ನೋಡಬೇಕು” ಅಂದ.