ಸಾವನದುರ್ಗದ ಮಳೆಯಲ್ಲಿ ನೆನೆದ ಹಗ್ಗ

ಮೇ ತಿಂಗಳ ಮಧ್ಯಾಹ್ನ ಮಾಗಡಿ ಕಡೆಯಿಂದ ಮೋಡ ಕವಿದರೆ ಸಾವನದುರ್ಗದ ಬಂಡೆಯನ್ನು ಹಗ್ಗ ಕಟ್ಟಿಕೊಂಡು ಹತ್ತುತ್ತಿರುವವರಿಗೆ ಹೆಚ್ಚು ಸಮಯ ಸಿಗುವುದಿಲ್ಲ. ಆ ಭಾನುವಾರವೂ ಹಾಗೇ ಆಯಿತು. ಮೊದಲ ಹನಿ ಬಿದ್ದ ಸ್ವಲ್ಪ ಹೊತ್ತಿಗೇ ಇಳಿಜಾರು ಬಂಡೆಯ ಉದ್ದಗಲಕ್ಕೂ ನೀರು ಹರಿಯತೊಡಗಿತು. ಗುಡುಗು ಶುರುವಾದ ಮೇಲೆ ಯೋಚಿಸುವಂಥದ್ದೇನೂ ಉಳಿದಿರಲಿಲ್ಲ, ರ್‍ಯಾಪೆಲ್ ಮಾಡಿ, ಅಂದರೆ ಹಗ್ಗದ ಮೇಲೆ ತೂಗುತ್ತ, ಇಳಿಯಲೇಬೇಕು. ನೆನೆದ ಹಗ್ಗದಲ್ಲಿ ಇಳಿಯುವಾಗ ಹಗ್ಗದ ಓಟಕ್ಕೆ ತಡೆ ಹಾಕುವ ಲೋಹದ ಸಾಧನವಾದ ಬಿಲೇ ಡಿವೈಸ್ ಅದನ್ನು ಹಿಂಡುತ್ತದೆ, ಬೂದು ಬಣ್ಣದ ನೀರು ಧಾರೆಯಾಗಿ ತೊಡೆಯ ಮೇಲೆ ಸುರಿಯುತ್ತದೆ. ಆ ನೀರಿನಲ್ಲಿ ಗ್ರಾನೈಟಿನ ನುಣ್ಣನೆಯ ಮರಳಿರುತ್ತದೆ. ಅದರಲ್ಲಿರುವ ಬೆಣಚುಕಲ್ಲಿನ ಕಣ ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಡಿವೈಸಿನ ಅಂಚು ಬೇಗ ಸವೆಯುವುದು ಇಂಥ ಇಳಿತಗಳಲ್ಲೇ.

ಬಂಡೆ ಹತ್ತುವ ಸಾಮಾನು ನೆನೆಯಿತಲ್ಲ ಎಂದು ಗಾಬರಿಯಾಗುವವರಿಗೆ ಮೊದಲು ಹೇಳಬೇಕಾದ್ದು ಇದು: ಮಳೆನೀರು ಒಂದೇ ಆಗಿದ್ದರೆ ಹಾನಿ ತೀರ ಕಡಿಮೆ. ಹಾಳು ಮಾಡುವುದು ನೀರಿನ ಜತೆ ಬಂದ ವಸ್ತು, ಇಲ್ಲವೇ ಒಣಗಿಸಲು ನಾವು ಮಾಡುವ ಅವಸರ.

ಹಾಗೆಂದು ಒದ್ದೆ ಹಗ್ಗದಲ್ಲೇ ಹತ್ತುವುದನ್ನು ಮುಂದುವರಿಸಬಾರದು. ನೈಲಾನ್ ನೀರು ಕುಡಿದಾಗ ಅದರ ಗುಣವೇ ಬದಲಾಗುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ನೆನೆದ ಡೈನಾಮಿಕ್ ಹಗ್ಗ (ಬಿದ್ದವರ ಜಗ್ಗನ್ನು ಹಿಗ್ಗಿ ತಾಳುವ ಹಗ್ಗ) ತಡೆದುಕೊಳ್ಳುವ ಬೀಳುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಆ ಶಕ್ತಿಯ ಬಹುಪಾಲು ಮರಳಿ ಬರುತ್ತದೆ. 9.8 ಮಿ.ಮೀ. ದಪ್ಪದ 60 ಮೀಟರ್ ಹಗ್ಗ ಒಣಗಿದ್ದಾಗ ಸುಮಾರು 3.8 ಕಿಲೋ ತೂಗುತ್ತದೆ. ನೀರು ಹೀರದಂತೆ ಹಚ್ಚುವ ಲೇಪ, ಅಂದರೆ ಡ್ರೈ ಟ್ರೀಟ್‌ಮೆಂಟ್ ಇಲ್ಲದ್ದಾದರೆ ಪೂರ್ತಿ ನೆಂದಾಗ ಐದು ಕಿಲೋ ದಾಟಬಹುದು. ಪರ್ವತಾರೋಹಣ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಎಯ ಡ್ರೈ ಮುದ್ರೆಯಿರುವ ಹಗ್ಗ ಆ ಮುದ್ರೆಯ ಪರೀಕ್ಷೆಯಲ್ಲಿ ತನ್ನ ತೂಕದ ಶೇ. 5ಕ್ಕಿಂತ ಹೆಚ್ಚು ನೀರು ಹೀರುವಂತಿಲ್ಲ. ಆದರೆ ಹಗ್ಗ ಬಳಸಿದಷ್ಟೂ ಆ ಲೇಪ ಸವೆಯುತ್ತದೆ.

ಬೆಟ್ಟದ ಬುಡದಲ್ಲೇ ಮಾಡುವ ಕೆಲಸವೊಂದಿದೆ. ಕೆಸರಾದ ಶೂ, ಲೋಹದ ಸಾಮಾನು, ಬಟ್ಟೆಯ ಸಾಮಾನು, ಮೂರನ್ನೂ ಬೇರೆ ಬೇರೆ ಕವರಿಗೆ ಹಾಕಿ. ಕೈ ಜಾರದಿರಲು ಹಚ್ಚುವ ಬಿಳಿ ಪುಡಿಯ ಚಾಕ್ ಬ್ಯಾಗನ್ನು ಅವುಗಳಿಂದ ದೂರವಿಡಿ, ಇಲ್ಲದಿದ್ದರೆ ಅಂಟಂಟಾದ ಬಿಳಿ ಗಸಿ ಎಲ್ಲದಕ್ಕೂ ಮೆತ್ತಿಕೊಳ್ಳುತ್ತದೆ. ಮನೆ ಮುಟ್ಟಿದ ರಾತ್ರಿಯೇ ಕವರುಗಳನ್ನು ಬಿಚ್ಚಬೇಕು. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಮರುದಿನದ ಬಿಸಿಲಿಗೆ ಬಿಟ್ಟರೆ ಶೂಗಳ ಅಂಟು ಮೆತ್ತಗಾಗುತ್ತದೆ, ಸೊಂಟ, ತೊಡೆಗೆ ಕಟ್ಟುವ ಪಟ್ಟಿಯಾದ ಹಾರ್ನೆಸ್‌ಗೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ನೈಲಾನನ್ನು ತಿನ್ನುವುದಿಲ್ಲ, ಅದಕ್ಕೆ ಬೇಕಾದ್ದು ಅದರಲ್ಲಿ ಕೂತ ಬೆವರು, ಮಣ್ಣು. ಆದರೆ ಆ ವಾಸನೆ ಮತ್ತೆ ಹೋಗುವುದು ಕಷ್ಟ.

ಹಗ್ಗವನ್ನು ಒಣಗಿಸುವ ಮೊದಲು ತೊಳೆಯಲೇಬೇಕು. ಮಣ್ಣಿನ ನೀರು ಹೊರಕವಚದ ಒಳಕ್ಕೆ ಇಳಿದಿರುತ್ತದೆ. ಹಾಗೇ ಒಣಗಿಸಿದರೆ ನೀರು ಆರಿ ಮರಳು ಒಳಗೇ ಉಳಿಯುತ್ತದೆ, ಮುಂದೆ ಹಗ್ಗ ಬಾಗಿದಾಗಲೆಲ್ಲ ಎಳೆಗಳನ್ನು ಕೊಯ್ಯುತ್ತದೆ. ದೊಡ್ಡ ಟಬ್ಬಿನಲ್ಲಿ 30 ಡಿಗ್ರಿ ದಾಟದ ನೀರು ತುಂಬಿ, ಹಗ್ಗವನ್ನು ತುದಿಯಿಂದ ಬಿಡಿಬಿಡಿಯಾಗಿ ಇಳಿಬಿಟ್ಟು ಅರ್ಧ ಗಂಟೆ ನೆನೆಸಿ. ಆಮೇಲೆ ಮುಷ್ಟಿಯೊಳಗೆ ಹಾಯಿಸುತ್ತ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯಿರಿ, ನೀರು ಬದಲಿಸಿ, ಮತ್ತೆ ಎಳೆಯಿರಿ. ನೀರು ತಿಳಿಯಾಗುವವರೆಗೆ ಇಷ್ಟೇ ಕೆಲಸ. ಸೋಪು ಬೇಕೆನಿಸಿದರೆ ಹಗ್ಗಕ್ಕೆಂದೇ ಮಾರುವ ದ್ರವ, ಅಥವಾ ಪಿಎಚ್ ತಟಸ್ಥವಾಗಿರುವ ಸೌಮ್ಯ ಸೋಪು ಸ್ವಲ್ಪ ಸಾಕು. ಬಟ್ಟೆ ಪೌಡರ್ ಬೇಡ. ಅದು ಕ್ಷಾರ, ಕೆಲವದರಲ್ಲಿ ಬ್ಲೀಚ್ ಕೂಡ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪನ್ನು ಇನ್ನೂ ಕಡಿಮೆ ಮಾಡಿ, ಇಲ್ಲವಾದರೆ ಬಿಳಿ ಗಸಿ ಕವಚದಲ್ಲಿ ಕೂತು ಹಗ್ಗ ಒರಟಾಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ನಿನ ನಡುಗಂಬಕ್ಕೆ ಹಗ್ಗ ಸುತ್ತಿಕೊಂಡು ಗಂಟಾಗುತ್ತದೆ. ಕಾರು ತೊಳೆಯುವ ಪ್ರೆಶರ್ ವಾಷರ್ ಅಂತೂ ಮಣ್ಣನ್ನು ಇನ್ನಷ್ಟು ಒಳಕ್ಕೇ ತಳ್ಳುತ್ತದೆ.

ಒಣಗಿಸಬೇಕಾದ್ದು ನೆರಳಲ್ಲಿ. ಬಿಸಿಲಿನ ಅತಿನೇರಳೆ ಕಿರಣ ನೈಲಾನನ್ನು ಬಲಹೀನಗೊಳಿಸುತ್ತದೆ. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ದೂರ ದೂರ ಇಟ್ಟು, ಅವುಗಳ ಮೇಲೆ ಹಗ್ಗವನ್ನು ಸಡಿಲವಾಗಿ ಹರಡಿ, ಮೇಲೆ ಫ್ಯಾನ್ ಹಾಕಿ. ನಾಲ್ಕೈದು ಗಂಟೆಗೊಮ್ಮೆ ತಿರುವಿ ಹಾಕಿ. ಮಳೆಗಾಲದ ಬೆಂಗಳೂರಿನಲ್ಲಿ ಇದಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತದೆ. ತುಕ್ಕು ಹಿಡಿದ ತಂತಿಯ ಮೇಲೆ ಹಾಕಬೇಡಿ. ಹೇರ್ ಡ್ರೈಯರ್, ಇಸ್ತ್ರಿ, ಹೀಟರ್ ಹತ್ತಿರಕ್ಕೂ ಬರಬಾರದು. ಕುಣಿಕೆಯಾಗಿ ಹೊಲಿದ ಪಟ್ಟಿಗಳಾದ ಸ್ಲಿಂಗ್‌ಗಳಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ತೆಳ್ಳನೆಯ ಸ್ಲಿಂಗುಗಳ ಡೈನೀಮಾ ಎಂಬ ಕೃತಕ ನೂಲು ನೀರು ಹೀರುವುದಿಲ್ಲ, ಒರೆಸಿದರೆ ಬೇಗ ಆರುತ್ತದೆ, ಆದರೆ ಅದು ಕರಗುವುದು ಸುಮಾರು 145 ಡಿಗ್ರಿಗೇ.

ನಮ್ಮ ಮನೆಗಳಲ್ಲಿ ಮರೆಯುವ ಅಪಾಯವೊಂದಿದೆ. ಬಟ್ಟೆ ಒಣಗಿಸುವ ಯುಟಿಲಿಟಿಯಲ್ಲೇ ಇನ್ವರ್ಟರ್ ಬ್ಯಾಟರಿಯೂ ಇರುತ್ತದೆ. ಅದರ ಸಲ್ಫ್ಯೂರಿಕ್ ಆಮ್ಲ ನೈಲಾನನ್ನು ಕೊಲ್ಲುತ್ತದೆ, ಹೊರಗೆ ಗುರುತೇ ಕಾಣದಿರಬಹುದು. ಬ್ಯಾಟರಿ ಇರುವ ಕೋಣೆಗೆ ಹಗ್ಗ, ಹಾರ್ನೆಸ್, ಸ್ಲಿಂಗ್ ಯಾವುದೂ ಹೋಗಬಾರದು.

ಹಗ್ಗ ಒಣಗಿತೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಕವಚ ಆರಿದ್ದರೂ ಒಳಗಿನ ತಿರುಳು ತೇವವಾಗೇ ಇರುತ್ತದೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಇದಕ್ಕೆ ಒಳ್ಳೆಯ ಸಾಧನ. ಹಗ್ಗ ಕೊಂಡಾಗಲೇ ತೂಕ ಬರೆದಿಟ್ಟುಕೊಂಡಿದ್ದರೆ, ಆ ತೂಕಕ್ಕೆ ಇಳಿದಾಗ ಒಣಗಿತೆಂದು ಅರ್ಥ. ಆಮೇಲೆ ಅಳತೆಯನ್ನೂ ನೋಡಬೇಕು. ನೆನೆದು ಆರಿದ ಹಗ್ಗ ಕುಗ್ಗುತ್ತದೆ, 60 ಮೀಟರಿನಲ್ಲಿ ಒಂದೆರಡು ಮೀಟರ್ ಕಡಿಮೆಯಾಗಬಹುದು. ನಡುಗುರುತಿನ ಜಾಗವೂ ಸರಿಯಿದೆಯೇ ಎಂದು ಮಡಚಿ ನೋಡಿ. ಎರಡು ಮಡಿಕೆಯಾದ ಹಗ್ಗದಲ್ಲಿ ಪೂರ್ತಿ 30 ಮೀಟರ್ ಇಳಿಸಬೇಕಾದ ದಾರಿಗಳಲ್ಲಿ ಆ ಒಂದೆರಡು ಮೀಟರೇ ಜೀವ ತೆಗೆಯುತ್ತದೆ, ಹಗ್ಗ ಡಿವೈಸಿನಿಂದ ಜಾರಿಹೋಗದಂತೆ ತುದಿಯ ಗಂಟು ಯಾವತ್ತೂ ಇರಲಿ. ಕೊನೆಗೆ ಹಗ್ಗದ ಇಂಚಿಂಚನ್ನೂ ಬೆರಳ ನಡುವೆ ಬಗ್ಗಿಸಿ ನೋಡಿ. ದುಂಡಗೆ ಬಾಗದೆ ಚೂಪಾಗಿ ಮಡಚಿಕೊಳ್ಳುವ, ಚಪ್ಪಟೆ ಅಥವಾ ಟೊಳ್ಳು ಎನಿಸುವ ಜಾಗದಲ್ಲಿ ತಿರುಳು ಕೆಟ್ಟಿದೆ. ಇಡೀ ಹಗ್ಗ ಸ್ವಲ್ಪ ಬಿರುಸಾಗಿದ್ದರೆ ಚಿಂತಿಸಬೇಕಿಲ್ಲ, ಬಿಲೇ ಡಿವೈಸಿನಲ್ಲಿ ಕೆಲವು ಸಲ ಎಳೆದರೆ ಮೆತ್ತಗಾಗುತ್ತದೆ.

ಹಾರ್ನೆಸ್‌ನ ಸೊಂಟಪಟ್ಟಿಯ ಫೋಮ್ ಬಹಳ ನೀರು ಹಿಡಿಯುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ, ತಿರುಚಿ ಹಿಂಡಬೇಡಿ. ಹೆಲ್ಮೆಟ್ಟಿಗೆ ಒರೆಸುವುದಷ್ಟೇ ಕೆಲಸ, ಒಳಗಿನ ಪ್ಯಾಡ್ ಬಿಚ್ಚಿ ಒಣಗಿಸಿ. ತೆರೆದು ಮುಚ್ಚುವ ಗೇಟಿರುವ ಲೋಹದ ಕೊಂಡಿಗಳಾದ ಕ್ಯಾರಬೈನರುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗೇಟು ಆಡಿಸುತ್ತ ತೊಳೆದು ಆರಿಸಿ. ಅಲ್ಯೂಮಿನಿಯಂ ಮಳೆಗೆ ಹೆದರುವುದಿಲ್ಲ, ಕರಾವಳಿಯ ಉಪ್ಪುನೀರು ತಾಗಿದರೆ ಮಾತ್ರ ಅದೇ ದಿನ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಕ್ಯಾಮ್‌ಗಳಿಗೆ ತಾಳ್ಮೆ ಬೇಕು. ಟ್ರಿಗರ್ ಎಳೆದಾಗ ಕುಗ್ಗಿ, ಬಿಟ್ಟಾಗ ಬಂಡೆಯ ಬಿರುಕಿನಲ್ಲಿ ಲೋಹದ ಹಲ್ಲೆಗಳನ್ನು ಅಗಲಿಸಿ ನಿಲ್ಲುವ ಸ್ಪ್ರಿಂಗ್ ಸಾಧನಗಳು ಇವು. ತಲೆಯ ಭಾಗವನ್ನು ನೀರಲ್ಲಿ ಮುಳುಗಿಸಿ ಟ್ರಿಗರ್ ಹತ್ತಾರು ಸಲ ಎಳೆಯಿರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲೆಗಳ ನಡುವೆ, ಸ್ಪ್ರಿಂಗಿನ ಸುತ್ತ ಉಜ್ಜಿ. ಪೂರ್ತಿ ಆರಿದ ಮೇಲೆ ಅಚ್ಚಿನ ಬಳಿ ಮೇಣದ ಅಥವಾ ಟೆಫ್ಲಾನ್ ಇರುವ ಒಣ ಲ್ಯೂಬ್ ಒಂದೊಂದು ಹನಿ. ಕೊಬ್ಬರಿ ಎಣ್ಣೆ ಸುಲಭಕ್ಕೆ ಸಿಗುತ್ತದೆಂದು ಹಾಕಬೇಡಿ: ಧೂಳು ಹಿಡಿಯುತ್ತದೆ, ಡಿಸೆಂಬರಿನ ಬೆಳಿಗ್ಗೆ ಹೆಪ್ಪುಗಟ್ಟಿ ಟ್ರಿಗರ್ ಬಿಗಿಯುತ್ತದೆ. ಹಲ್ಲೆಗಳ ಹೊರಮೈಗೆ ಲ್ಯೂಬ್ ತಾಗಿದ್ದರೆ ಒರೆಸಿ ತೆಗೆಯಿರಿ. ಕ್ಯಾಮ್ ಬಿರುಕಿನಲ್ಲಿ ನಿಲ್ಲುವುದೇ ಆ ಘರ್ಷಣೆಯ ಬಲದಿಂದ.

ಶೂಗಳ ಲೇಸ್ ಪೂರ್ತಿ ಸಡಿಲಿಸಿ, ಒಳಗೆ ಪತ್ರಿಕೆಯ ಹಾಳೆ ಹಗುರವಾಗಿ ತುರುಕಿ. ಒತ್ತಿ ತುಂಬಿದರೆ ಒದ್ದೆ ಚರ್ಮ ಹಿಗ್ಗಿ ಅಳತೆಯೇ ತಪ್ಪುತ್ತದೆ. ಮೊದಲ ಸಂಜೆ ಗಂಟೆಗೊಮ್ಮೆ ಹಾಳೆ ಬದಲಿಸಿ. ಗಟ್ಟಿಯಾದ ಚಾಕನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟು ಪುಡಿ ಮಾಡಿಕೊಳ್ಳಬಹುದು, ಮಣ್ಣು ಸೇರಿದ್ದರೆ ಬಿಸಾಡಿ.

ಇಷ್ಟೂ ಹೇಳಿದ್ದು ಮಳೆನೀರಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳು ಮುಳುಗಿದಂಥ ಸಂದರ್ಭದಲ್ಲಿ, ಪಾರ್ಕಿಂಗಿನ ಕಾರಿನ ಡಿಕ್ಕಿಯಲ್ಲಿದ್ದ ಬ್ಯಾಗಿನ ಲೆಕ್ಕವೇ ಬೇರೆ. ಆ ನೀರಿನಲ್ಲಿ ಚರಂಡಿ, ಪೆಟ್ರೋಲ್, ಎಂಜಿನ್ ಆಯಿಲ್ ಇರುತ್ತವೆ, ಮುಳುಗಿದ ಬ್ಯಾಟರಿಗಳ ಆಮ್ಲವೂ ಸೇರಿರಬಹುದು. ಆಮ್ಲ ತಾಗಿತೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷಿಸುವ ದಾರಿಯಿಲ್ಲ. ಲೋಹದ ಸಾಮಾನನ್ನು ತೊಳೆದು, ಗುಳಿ ಬಿದ್ದಿಲ್ಲ, ಗೇಟು ಸರಿಯಾಗಿ ಮುಚ್ಚುತ್ತದೆ ಎಂದಾದರೆ ಉಳಿಸಿಕೊಳ್ಳಬಹುದು. ಕ್ಯಾಮ್‌ಗಳ ಸ್ಲಿಂಗ್ ಬದಲಾಗಬೇಕು. ಹಗ್ಗ, ಹಾರ್ನೆಸ್, ಸ್ಲಿಂಗ್ ಎಷ್ಟೇ ಹೊಸದಿದ್ದರೂ ಹೋಯಿತು. ಅವನ್ನು ಇಡಿಯಾಗಿ ಕಸಕ್ಕೆ ಹಾಕಬೇಡಿ. ನೋಡಲು ಚೆನ್ನಾಗಿರುವ ಹಗ್ಗವನ್ನು ಯಾರಾದರೂ ತೆಂಗಿನಮರ ಹತ್ತಲೋ ಬಾವಿಗಿಳಿಯಲೋ ಎತ್ತಿಕೊಂಡು ಹೋಗುತ್ತಾರೆ. ಹಗ್ಗವನ್ನು ಮೊಳದುದ್ದದ ತುಂಡು ಮಾಡಿ, ಹಾರ್ನೆಸ್‌ನ ಮುಂದಿನ ಕುಣಿಕೆ (ಬಿಲೇ ಲೂಪ್) ಮತ್ತು ಸೊಂಟಪಟ್ಟಿ ಎರಡನ್ನೂ ಕತ್ತರಿಸಿ, ಆಮೇಲೆ ಹಾಕಿ.